ಲಕೋಟೆಯ ಬೆನ್ನ ಮೇಲಿನ ಕಡಲು

ಕಡಲ ದಾರಿಯಲ್ಲಿ ಸಾಗಿದ ಕಾಗದದ ಮೇಲೆ ಹಡಗಿನಲ್ಲೋ ಅದು ಮುಟ್ಟಿದ ಬಂದರಿನಲ್ಲೋ ಬಿದ್ದ ಠಸ್ಸೆಯೇ ಹಡಗಂಚೆಯ ಮುದ್ರೆ. ಸಂಗ್ರಾಹಕರು ಸಾಮಾನ್ಯವಾಗಿ ಮುಂಬಯಿ, ಏಡನ್, ಕೊಲಂಬೊಗಳಂಥ ದೊಡ್ಡ ಬಂದರುಗಳ ಹೆಸರನ್ನೇ ಅರಸುತ್ತಾರೆ. ಉಡುಪಿ ಬಳಿ ಸ್ವರ್ಣಾ ನದಿಯ ದಂಡೆಯ ಕಲ್ಯಾಣಪುರದಂಥ ಊರಿನ ಕಡಲ ಚರಿತ್ರೆ ಬೇಕಾದವರು ಬೇರೆ ಕಡೆ ಕಣ್ಣು ಹಾಯಿಸಬೇಕು: ಆ ಊರಿಗೆ ಬಂದ ಲಕೋಟೆಗಳ ಹಿಂಬದಿಯಲ್ಲಿ ಒಂದರ ಪಕ್ಕ ಒಂದು ಬಿದ್ದಿರುವ ಪರವೂರ ಮುದ್ರೆಗಳ ಕಡೆಗೆ.

ಕಲ್ಯಾಣಪುರ ಹಳೆಯ ರೇವು. ಇಲ್ಲಿನ ಮಿಲಾಗ್ರಿಸ್ ಇಗರ್ಜಿಯ ಸ್ಥಾಪನೆ 1678ರದು. ಆ ಕಾಲದ ಕಾಗದಗಳು ಮಂಜಿ, ಪತ್ತೆಮಾರಿಗಳಂಥ ಹಾಯಿಹಡಗುಗಳಲ್ಲಿ ನಂಬಿಕಸ್ಥರ ಕೈಯಿಂದ ಕೈಗೆ ಹೋಗುತ್ತಿದ್ದವು. ಅವುಗಳಲ್ಲಿ ಮುದ್ರೆ ಹುಡುಕಿ ಫಲವಿಲ್ಲ. ಮುದ್ರೆಯ ಕಾಲ ಶುರುವಾಗುವುದು ಖಾಸಗಿ ಹಡಗಿನ ಕಪ್ತಾನ ತಂದೊಪ್ಪಿಸಿದ ಕಾಗದಗಳಿಗೆ ಬಂದರಿನ ಅಂಚೆಕಚೇರಿ ‘ಶಿಪ್ ಲೆಟರ್’ ಎಂದು ಒತ್ತತೊಡಗಿದ ಮೇಲೆ. 1815ರ ಕಾಯಿದೆಯ ನಂತರ ಇಂಗ್ಲೆಂಡಿನ ಬಂದರುಗಳಲ್ಲಿ ‘ಇಂಡಿಯಾ ಲೆಟರ್’ ಎಂಬ ಪ್ರತ್ಯೇಕ ಮುದ್ರೆಯೂ ಬಂತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಕಾಲಿಟ್ಟಿತು; 1886ರಲ್ಲಿ ಅದರ ಹಂಚಿನ ಕಾರ್ಖಾನೆ ಕಲ್ಯಾಣಪುರಕ್ಕೆ ಹತ್ತಿರದ ಮಲ್ಪೆಯಲ್ಲಿ ಶುರುವಾಯಿತು. ಸ್ವಿಟ್ಜರ್ಲೆಂಡಿಗೂ ಈ ಕರಾವಳಿಗೂ ನಡುವೆ ಕಾಗದ ಪತ್ರಗಳ ಓಡಾಟ ನಡೆದೇ ಇತ್ತು. ಬಾಸೆಲಿನಲ್ಲಿ ಜೋಪಾನವಾಗಿರುವ ಮಿಷನರಿಗಳ ಪತ್ರಗಳು ಈ ಕರಾವಳಿಯ ಅಂಚೆ ಚರಿತ್ರೆಗೆ ದೊಡ್ಡ ಆಕರ. ಒಳಗಿನ ಒಕ್ಕಣೆಗೆ ಇದುವರೆಗೆ ಸಂದ ಗಮನ ಹೊರಮೈಗೂ ಸಲ್ಲಬೇಕು.

ಮುದ್ರೆಗಳಲ್ಲೆಲ್ಲ ಹೆಚ್ಚು ಕುತೂಹಲ ಹುಟ್ಟಿಸುವುದು ‘ಸೀ ಪೋಸ್ಟ್ ಆಫೀಸ್’ ಮುದ್ರೆ. 1868ರಲ್ಲಿ ಪಿ. ಅಂಡ್ ಓ. ಕಂಪನಿಯ ಟಪಾಲು ಹಡಗುಗಳಲ್ಲಿ ಭಾರತದ ಅಂಚೆ ಇಲಾಖೆ ತನ್ನದೇ ಕಚೇರಿ ತೆರೆಯಿತು. ಮೊದಲು ಮುಂಬಯಿಗೂ ಸುಯೆಜ್‌ಗೂ ನಡುವೆ, ಆಮೇಲೆ ಮುಂಬಯಿಗೂ ಏಡನ್‌ಗೂ ನಡುವೆ ಅದು ನಡೆಯಿತು. ವಿಲಾಯತಿಯ ಟಪಾಲು ಏಡನ್ ತಲಪುತ್ತಿದ್ದಂತೆ ಸಿಬ್ಬಂದಿ ಚೀಲ ಬಿಚ್ಚಿ, ಐದಾರು ದಿನದ ಪಯಣದಲ್ಲಿ ಇಡೀ ದೇಶದ ಕಾಗದಗಳನ್ನು ಊರುವಾರು ವಿಂಗಡಿಸುತ್ತಿದ್ದರು. ಮುಂಬಯಿಯ ಧಕ್ಕೆಯಿಂದ ಚೀಲಗಳು ನೇರ ರೈಲಿಗೆ ಹೋಗಬೇಕು ಎಂಬುದೇ ಇದರ ಉದ್ದೇಶ. ಅರಬ್ಬೀ ಸಮುದ್ರದ ಹೊಯ್ದಾಟದಲ್ಲಿ, ದೀಪದ ಬೆಳಕಿನಲ್ಲಿ, ಸೆಕೆಯಲ್ಲಿ ನಿಂತು ಮಾಡಿದ ಈ ಕೆಲಸಕ್ಕೆ ಉಳಿದಿರುವ ಸಾಕ್ಷಿ ಲಕೋಟೆಯ ಹಿಂದಿನ ಕಪ್ಪು ಠಸ್ಸೆ: ಕಚೇರಿಯ ಹೆಸರು, ತಾರೀಕು, ಮತ್ತು ಯಾವ ತಂಡ ವಿಂಗಡಿಸಿತೆಂದು ತಿಳಿಸುವ ಒಂದು ಇಂಗ್ಲಿಷ್ ಅಕ್ಷರ. ಆ ಒಂದಕ್ಷರ ಸ್ಪಷ್ಟವಾಗಿದ್ದರೆ ಲಕೋಟೆಯ ಬೆಲೆಯೇ ಬೇರೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಈ ವ್ಯವಸ್ಥೆ ನಿಂತಿತು.

ಮುಂಬಯಿಯಿಂದ ತೆಂಕಣಕ್ಕೆ ಕಾಗದ ಬರುವ ದಾರಿ ಕಾಲಕ್ಕೊಂದು ಬಗೆ. ಕರಾವಳಿಯ ಸ್ಟೀಮರುಗಳು ಮಳೆಗಾಲದಲ್ಲಿ ಸಣ್ಣ ರೇವುಗಳತ್ತ ಸುಳಿಯುತ್ತಿರಲಿಲ್ಲ. 1907ರಲ್ಲಿ ರೈಲು ಮಂಗಳೂರು ಮುಟ್ಟಿತಾದರೂ ಉಡುಪಿಗೆ ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ. ಆದ್ದರಿಂದ ಮುಂಬಯಿ ಮುದ್ರೆಗೂ ಬಟವಾಡೆ ಮುದ್ರೆಗೂ ನಡುವಣ ದಿನಗಳನ್ನು ಎಣಿಸುವಾಗ ತಿಂಗಳು ಯಾವುದೆಂದು ಮೊದಲು ನೋಡಬೇಕು. ಆಷಾಢದ ಕಾಗದಕ್ಕೂ ಮಾಘದ ಕಾಗದಕ್ಕೂ ಒಂದೇ ಲೆಕ್ಕ ಹಾಕಿದರೆ ದಾರಿ ತಪ್ಪುತ್ತದೆ.

ಹಡಗಿನಲ್ಲೇ ಬರೆದು ಅಲ್ಲಿಯೇ ಅಂಚೆಗೆ ಹಾಕಿದ ಕಾಗದಗಳದು ಬೇರೆ ಕಥೆ. ನಡುಗಡಲಲ್ಲಿ ಹಾಕಿದ ಕಾಗದಕ್ಕೆ ಹಡಗು ಯಾವ ದೇಶದ್ದೋ ಆ ದೇಶದ ಅಂಚೆಚೀಟಿ ಅಂಟಿಸಬಹುದೆಂದು 1891ರ ವಿಯೆನ್ನಾ ಅಂಚೆ ಸಮ್ಮೇಳನ ಒಪ್ಪಿತು. 1897ರ ವಾಷಿಂಗ್ಟನ್ ಸಮ್ಮೇಳನ ಅದಕ್ಕೆ ‘ಪಾಕೆಬೋ’ ಎಂಬ ಗುರುತನ್ನು ಗೊತ್ತುಮಾಡಿತು. ಬ್ರಿಟನ್ನಿನ ಚೀಟಿಯ ಮೇಲೆ ಮುಂಬಯಿಯ ಠಸ್ಸೆ ಬಿದ್ದಿರುವ ಲಕೋಟೆಯನ್ನು ಕಂಡವರು ಮೊದಲಿಗೆ ತಬ್ಬಿಬ್ಬಾಗುತ್ತಾರೆ. ಪಕ್ಕದಲ್ಲಿ ‘ಪಾಕೆಬೋ’ ಇದ್ದರೆ ಒಗಟು ಬಿಡಿಸಿದಂತೆ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ‘ದ್ವಾರಕಾ’, ‘ದುಮ್ರಾ’, ‘ದಾರಾ’ ಹಡಗುಗಳು ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಜನರನ್ನೂ ಟಪಾಲನ್ನೂ ಒಯ್ಯುತ್ತಿದ್ದವು. ಬಹರೈನ್, ಕುವೈತ್‌ಗಳಿಗೆ ಕೆಲಸಕ್ಕೆ ಹೊರಟ ನಮ್ಮ ಕರಾವಳಿಯವರಿಗೂ ಅದೇ ದಾರಿ. 1961ರ ಏಪ್ರಿಲ್ 8ರಂದು ದುಬೈ ಹತ್ತಿರ ‘ದಾರಾ’ದಲ್ಲಿ ಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ‘ದ್ವಾರಕಾ’ 1982ರವರೆಗೆ ಓಡಿತು. ಈ ಹಡಗುಗಳ ಹೆಸರಿನ ಮೊಹರು ಬಿದ್ದ ಕಾಗದ ಯಾವ ಮನೆಯಲ್ಲಿದ್ದರೂ ಅದು ಬರೀ ಮನೆಯ ನೆನಪಲ್ಲ, ಚರಿತ್ರೆಯ ದಾಖಲೆ.

ಮುದ್ರೆ ಓದುವುದಕ್ಕೆ ಆಧಾರಗ್ರಂಥಗಳಿವೆ: ಬ್ರಿಟಿಷ್ ಹಡಗು ಕಾಗದಗಳಿಗೆ ಅಲನ್ ರಾಬರ್ಟ್‌ಸನ್, ಪಾಕೆಬೋಗೆ ರೋಜರ್ ಹಾಸ್ಕಿಂಗ್, ಭಾರತದ ಹಳೆಯ ಮುದ್ರೆಗಳಿಗೆ ಹ್ಯಾಮಂಡ್ ಜೈಲ್ಸ್. ಆದರೆ ಪುಸ್ತಕದ ಚಿತ್ರವನ್ನು ಹೋಲಿದರಷ್ಟೇ ಸಾಲದು. ತಾರೀಕಿನ ದಿನ ಆ ಹಡಗು ಆ ಬಂದರಿನಲ್ಲಿ ಇತ್ತೇ ಎಂದು ಅಂದಿನ ಪತ್ರಿಕೆಗಳ ಹಡಗು ವಾರ್ತೆಯೊಡನೆ ತಾಳೆ ನೋಡಬೇಕು. ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಒಂದೇ ಮಸಿಯಲ್ಲಿ ಹರಿದಿದ್ದರೆ ನಂಬಿಕೆ ಗಟ್ಟಿ. ಚೀಟಿಯ ಅಂಚಿನಲ್ಲಿ ಮುದ್ರೆಯ ಗೆರೆ ಕಡಿದಿದ್ದರೆ ಆ ಚೀಟಿ ಆಮೇಲೆ ಅಂಟಿಸಿದ್ದಿರಬಹುದು.

ದೊಡ್ಡ ನಷ್ಟ ಆಗಿರುವುದು ಮನೆಗಳಲ್ಲೇ. ಹಿಂದೆ ಬಂದ ಕಾಗದಗಳನ್ನು ಕೊಕ್ಕೆಯ ತಂತಿಗೆ ಚುಚ್ಚಿ ತೂಗುಹಾಕುವ ರೂಢಿಯಿತ್ತು. ತಂತಿಯ ತೂತು ಎಷ್ಟೋ ಸಲ ಮುದ್ರೆಯ ನಡುವೆಯೇ ಹಾದಿರುತ್ತದೆ. ತುಕ್ಕು, ಗೆದ್ದಲು, ಮಳೆಗಾಲದ ತೇವ ಆಮೇಲಿನ ಮಾತು. ಅದಕ್ಕಿಂತ ಕೆಟ್ಟದ್ದು, ಮಕ್ಕಳ ಆಲ್ಬಮ್ಮಿಗೆಂದು ಚೀಟಿಯನ್ನಷ್ಟೇ ನೀರಲ್ಲಿ ನೆನೆಸಿ ಬಿಡಿಸಿ ಲಕೋಟೆಯನ್ನು ಒಲೆಗೆ ಹಾಕಿದ್ದು. ಚೀಟಿ ಲಕ್ಷಗಟ್ಟಲೆ ಅಚ್ಚಾದದ್ದು, ಎಲ್ಲಿಯೂ ಸಿಗುತ್ತದೆ. ಕಲ್ಯಾಣಪುರದ ವಿಳಾಸ, ಸೀ ಪೋಸ್ಟ್ ಆಫೀಸಿನ ಅಕ್ಷರ, ಬಟವಾಡೆಯ ತಾರೀಕು ಮೂರೂ ಒಟ್ಟಿಗಿರುವ ಲಕೋಟೆ ಮತ್ತೆ ಸಿಗುವುದಿಲ್ಲ. ಅಂಥದ್ದು ಸಿಕ್ಕಿದರೆ ಒಳಗಿನ ಕಾಗದದ ಸಮೇತ ಹಾಗೆಯೇ ಇಡಬೇಕು, ಗುಂಡುಸೂಜಿ ತೆಗೆಯಬೇಕು, ಆಮ್ಲವಿಲ್ಲದ ಕಾಗದದ ನಡುವೆ ಮಡಿಕೆ ಬಿಡಿಸಿ ಇರಿಸಬೇಕು, ಎರಡೂ ಬದಿಯ ಚಿತ್ರ ತೆಗೆದು ಯಾವ ಮನೆಯಿಂದ ಬಂತೆಂದು ಬರೆದಿಡಬೇಕು.