ಸೇಂಟ್ ಜೇಮ್ಸ್ ಬೀದಿಯ ತಕ್ಕಡಿ

ಲಂಡನ್ ನಗರದ ಸೇಂಟ್ ಜೇಮ್ಸ್ ಅರಮನೆಯ ಸಮೀಪದಲ್ಲಿ, ಅದೇ ಹೆಸರಿನ ಬೀದಿಯ ಮೂರನೆಯ ನಂಬರಿನ ಕಟ್ಟಡದಲ್ಲಿ, ಒಂದು ಭಾರಿ ತಕ್ಕಡಿ ತೂಗಾಡುತ್ತಿದೆ. ಅದು ದೇವಾಲಯದ ತುಲಾಭಾರದ ತಕ್ಕಡಿಯಲ್ಲ. ಆದರೂ ಮನುಷ್ಯರನ್ನು ತೂಗಿದ ತಕ್ಕಡಿಯೇ ಹೌದು. 1698ರಲ್ಲಿ ಬೋರ್ನ್ ಎಂಬ ವಿಧವೆಯೊಬ್ಬಳು ಇಲ್ಲಿ ದಿನಸಿಯ ಅಂಗಡಿಯನ್ನು ತೆರೆದಳು. ಕಾಫಿ ಅರೆಯುವ ಯಂತ್ರದ ಚಿತ್ರವೇ ಅಂಗಡಿಯ ಗುರುತಾಗಿತ್ತು. ಸರಕು ತೂಗುವ ಈ ತಕ್ಕಡಿಯಲ್ಲಿ 1765ರಿಂದ ಗಿರಾಕಿಗಳನ್ನೂ ಕುಳ್ಳಿರಿಸಿ ತೂಗುವ ವಾಡಿಕೆ ಬಿದ್ದಿತು. ಆ ತೂಕದ ಪುಸ್ತಕಗಳಲ್ಲಿ ಕವಿ ಬೈರನ್ನನ ಹೆಸರೂ ಇದೆ. ಕಾಲಕ್ರಮದಲ್ಲಿ ಕಾಫಿ ಹಿಂದೆ ಸರಿದು, ದ್ರಾಕ್ಷಾಮದ್ಯವೇ ಮುಖ್ಯ ವ್ಯಾಪಾರವಾಯಿತು. ಬೆರಿ ಬ್ರದರ್ಸ್ ಅಂಡ್ ರಡ್ ಎಂಬ ಹೆಸರಿನ ಈ ಅಂಗಡಿಯು ಇಂದಿಗೂ ಮನೆತನದವರ ಒಡೆತನದಲ್ಲಿಯೇ ಉಳಿದಿದೆ. ನಿತ್ಯದ ಮಾರಾಟದ ಮಳಿಗೆ ಮಾತ್ರ 2017ರಲ್ಲಿ ಮಗ್ಗುಲಿನ ಪಾಲ್ ಮಾಲ್ ಬೀದಿಗೆ ಹೋಯಿತು.

ಅರಮನೆಯ ನೆರೆಯ ಅಂಗಡಿ ಎಲ್ಲರ ಜೇಬಿಗೂ ಎಟುಕುವುದಲ್ಲ. ಆದರೆ ಅದರ ಬಡ ನೆಂಟರೆನ್ನಬಹುದಾದ ಪುಟ್ಟ ಅಂಗಡಿಗಳು ನಗರದ ಬಡಾವಣೆಗಳಲ್ಲಿ ಅಲ್ಲಲ್ಲಿ ಇವೆ. ಇಂಥ ಅಂಗಡಿಯ ಯಜಮಾನನು ಮೊದಲು ಬೆಲೆಯನ್ನು ಹೇಳುವುದಿಲ್ಲ, "ಈ ರಾತ್ರಿ ಮನೆಯಲ್ಲಿ ಏನು ಅಡಿಗೆ?" ಎಂದು ಕೇಳುತ್ತಾನೆ. ಮೀನೆಂದರೆ ಒಂದು ಸೀಸೆ, ಕುರಿಮಾಂಸವೆಂದರೆ ಇನ್ನೊಂದು. ಕಳೆದ ತಿಂಗಳು ಕೊಂಡೊಯ್ದದ್ದು ಹಿಡಿಸಲಿಲ್ಲವೆಂದರೆ ಅದನ್ನೂ ನೆನಪಿನಲ್ಲಿಡುತ್ತಾನೆ. ಇಲ್ಲಿ ಗಿರಾಕಿಯ ಮೈತೂಕವನ್ನಲ್ಲ, ನಾಲಗೆಯ ರುಚಿಯನ್ನು ತೂಗುತ್ತಾರೆ.

ಇದಕ್ಕೆ ಎದುರಾಗಿ ನಿಂತಿರುವುದು ಸರಣಿ ಮಳಿಗೆಗಳ ಪ್ರಪಂಚ. 1980ರಲ್ಲಿ ಉತ್ತರ ಲಂಡನ್ನಿನಲ್ಲಿ ಆರಂಭವಾದ ಮೆಜೆಸ್ಟಿಕ್ ಸಂಸ್ಥೆಗೆ ಇಂದು ದೇಶದಲ್ಲಿ ಸುಮಾರು ಇನ್ನೂರು ಮಳಿಗೆಗಳಿವೆ. ಉಗ್ರಾಣದಂತಹ ವಿಶಾಲ ಕೊಠಡಿ, ಮರದ ಪೆಟ್ಟಿಗೆಗಳ ಸಾಲು, ಹೊರಗೆ ಕಾರು ನಿಲ್ಲಿಸಲು ಜಾಗ, ಒಳಗೆ ಹಣವಿಲ್ಲದೆ ರುಚಿ ನೋಡಲು ಒಂದು ಮೇಜು. ಮೊದಮೊದಲು ಹನ್ನೆರಡು ಸೀಸೆಗಳಿಗೆ ಕಡಿಮೆ ಮಾರುತ್ತಿರಲಿಲ್ಲ. 2009ರಲ್ಲಿ ಆ ಮಿತಿ ಆರಕ್ಕೆ ಇಳಿಯಿತು. 2015ರಲ್ಲಿ ಅದೂ ರದ್ದಾಯಿತು. ದ್ರಾಕ್ಷಾಮದ್ಯದ ಹೆಸರುಗಳನ್ನು ಉಚ್ಚರಿಸಲೂ ಅಂಜುತ್ತಿದ್ದ ಸಾಮಾನ್ಯ ಸಂಸಾರಿಗನು ಇಂಥ ಮಳಿಗೆಗಳಲ್ಲಿ ಸಂಕೋಚವಿಲ್ಲದೆ ಅಡ್ಡಾಡಿದನು. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಹಾಗಾದರೆ ಪುಟ್ಟ ಅಂಗಡಿಯ ಅಗತ್ಯವೇನು? ಲೆಕ್ಕವೇ ಉತ್ತರ ಹೇಳುತ್ತದೆ. ಗುಡ್ಡದ ಓರೆಯಲ್ಲಿ ನಾಲ್ಕು ಎಕರೆ ದ್ರಾಕ್ಷಿ ಬೆಳೆಯುವ ರೈತನೊಬ್ಬನು ಮೂರು ಸಾವಿರ ಸೀಸೆಗಳನ್ನು ಮಾರಲು ಸಿದ್ಧನಿದ್ದಾನೆ ಎನ್ನೋಣ. ಇನ್ನೂರು ಮಳಿಗೆಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಹದಿನೈದೇ ಸೀಸೆ. ವಾರದೊಳಗೆ ಕಪಾಟು ಬರಿದು. ಆದುದರಿಂದ ದೊಡ್ಡ ಸಂಸ್ಥೆಯು ಬಹುಮಟ್ಟಿಗೆ ಲಕ್ಷಗಟ್ಟಲೆ ಸೀಸೆ ಒದಗಿಸಬಲ್ಲವರತ್ತ ನೋಡುತ್ತದೆ. ಆ ಸಣ್ಣ ರೈತನ ಶ್ರಮ ಗಿರಾಕಿಯ ಊಟದ ಮೇಜನ್ನು ಸೇರಬೇಕಾದರೆ ಪುಟ್ಟ ಅಂಗಡಿಯ ಬಾಗಿಲು ತೆರೆದಿರಬೇಕು.

ಬೆಲೆಯಲ್ಲಿಯೂ ಒಂದು ಗುಟ್ಟಿದೆ. ಬ್ರಿಟನ್ನಿನಲ್ಲಿ ಸುಂಕವನ್ನು ಸೀಸೆಯ ಬೆಲೆಗೆ ತಕ್ಕಂತೆ ಹಾಕುವುದಿಲ್ಲ. ಮದ್ಯಸಾರದ ಪ್ರಮಾಣಕ್ಕೆ ತಕ್ಕಂತೆ ಹಾಕುತ್ತಾರೆ. ಸಾಮಾನ್ಯ ಸೀಸೆಯೊಂದಕ್ಕೆ ಅದು ಎರಡೂವರೆ ಪೌಂಡನ್ನು ಮೀರುತ್ತದೆ. ಅದರ ಮೇಲೆ ನೂರಕ್ಕೆ ಇಪ್ಪತ್ತರ ಮಾರಾಟ ತೆರಿಗೆ. ಗಾಜು, ಸಾಗಣೆ, ಅಂಗಡಿಯ ಲಾಭ ಎಲ್ಲವನ್ನೂ ಕಳೆದರೆ, ಅಗ್ಗದ ಸೀಸೆಯೊಳಗಿನ ರಸಕ್ಕೆ ಉಳಿಯುವುದು ಚಿಲ್ಲರೆ ಕಾಸು. ಎರಡು ಮೂರು ಪೌಂಡು ಹೆಚ್ಚು ಕೊಟ್ಟರೆ ಸುಂಕ ಬೆಳೆಯದು. ಆ ಹಣದ ಗಣನೀಯ ಭಾಗ ರಸದ ಗುಣಕ್ಕೇ ಸಲ್ಲಬಹುದು. ಈ ಮಾತನ್ನು ಗಿರಾಕಿಗೆ ಕುಳಿತು ತಿಳಿಸುವ ಬಿಡುವು ಪುಟ್ಟ ಅಂಗಡಿಯವನಿಗೆ ಇರುತ್ತದೆ. ಆದರೆ ಅವನ ಬಾಡಿಗೆಯ ಹೊರೆಯೂ ಆ ಬೆಲೆಯಲ್ಲಿಯೇ ಸೇರಿರುತ್ತದೆಂಬುದನ್ನು ಮರೆಯಬಾರದು.

ದೊಡ್ಡದಾದ ಮಾತ್ರಕ್ಕೆ ಬಾಳು ಭದ್ರವೆಂದೂ ಅಲ್ಲ. ಎರಡು ಸೀಸೆಯ ಬೆಲೆಗೆ ಮೂರು ಎಂದು ಸಾರಿದ ಥ್ರೆಶರ್ ಮಳಿಗೆಗಳು ಬೀದಿಬೀದಿಯಲ್ಲಿದ್ದವು. ಒಂದೇ ಸೀಸೆ ಕೊಳ್ಳುವವನು ಮಾತ್ರ ಪೂರ್ಣ ಬೆಲೆ ತೆರಬೇಕಾಗಿತ್ತು. ಅದೇ ಮದ್ಯವನ್ನು ದಿನಸಿಯ ಮಹಾಮಳಿಗೆಗಳು ಇನ್ನೂ ಅಗ್ಗವಾಗಿ ಮಾರತೊಡಗಿದಾಗ ಸಾವಿರಕ್ಕೂ ಮಿಗಿಲಾದ ಶಾಖೆಗಳ ಆ ಸಂಸ್ಥೆ 2009ರಲ್ಲಿ ಕುಸಿಯಿತು. ಅಗ್ಗವನ್ನೇ ನಂಬಿದವನನ್ನು ಇನ್ನೂ ಅಗ್ಗವಾದವನು ನುಂಗಿದನು.

ಜಾಣ ಗಿರಾಕಿಯು ಎರಡು ಬಾಗಿಲುಗಳನ್ನೂ ಬಲ್ಲನು. ಮದುವೆಯ ಔತಣಕ್ಕೆ ಉಗ್ರಾಣದ ಮಳಿಗೆ. ಮನೆಗೆ ಬರುವ ಹಳೆಯ ಗೆಳೆಯನಿಗೆ ಬೀದಿ ಕೊನೆಯ ಪುಟ್ಟ ಅಂಗಡಿ. ಆದರೆ ಎರಡನೆಯದು ಮುಚ್ಚಿದ ದಿನ, ಅವನಿಗೆ ಆರಿಸಿಕೊಳ್ಳುವ ಭಾಗ್ಯವಿಲ್ಲ. ಸೇಂಟ್ ಜೇಮ್ಸ್ ಬೀದಿಯ ತಕ್ಕಡಿಗಾದರೂ ಎರಡು ತಟ್ಟೆಗಳಿವೆ. ಒಂದೇ ತಟ್ಟೆಯ ತಕ್ಕಡಿಯಲ್ಲಿ ಯಾವ ಸರಕನ್ನು ತಾನೆ ತೂಗಲಾದೀತು?