ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ: ನಡುವೆ ಒಬ್ಬಳು ಮಗಳು

ಬೆಂಗಳೂರಿನ ನಕ್ಷೆ ತೆಗೆದು ಮೂರು ಚುಕ್ಕೆ ಇಡಿ. ವಾಯವ್ಯಕ್ಕೆ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣದ ತುದಿಗೆ ಎಲೆಕ್ಟ್ರಾನಿಕ್ ಸಿಟಿ. ಮೂರನ್ನೂ ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನ ಬರುತ್ತದಲ್ಲ, ಅದೇ ನಮ್ಮ ಸಂಸಾರ. ಪೀಣ್ಯದ ಪಕ್ಕದ ದಾಸರಹಳ್ಳಿಯಲ್ಲಿ ಅಪ್ಪ ಅಮ್ಮ ಇದ್ದಾರೆ. ವೈಟ್‌ಫೀಲ್ಡ್‌ನಲ್ಲಿ ಹೆಂಡತಿಯ ಆಫೀಸು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನನ್ನದು. ಬಾಡಿಗೆ ಮನೆ ಇರುವುದು ದೊಡ್ಡತೋಗೂರಿನಲ್ಲಿ. ನಾಲ್ಕು ವರ್ಷದ ಮಗಳು ಎಚ್ಚರವಿರುವ ಹೊತ್ತಿನ ಹೆಚ್ಚಿನ ಪಾಲು ಕಳೆಯುವುದು ಮಾತ್ರ ಇವು ಯಾವುದರಲ್ಲೂ ಅಲ್ಲ, ನಮ್ಮ ಬೀದಿಯ ಕೊನೆಯಲ್ಲಿರುವ ಡೇಕೇರ್‌ನಲ್ಲಿ.

ಇಂಥ ಸಂಸಾರಗಳು ನಮ್ಮ ಕಡೆ ಬೇಕಾದಷ್ಟಿವೆ. ನೀವೂ ಇಂಥದ್ದೇ ಒಂದು ತ್ರಿಕೋನದೊಳಗೆ ಬದುಕುತ್ತಿರಬಹುದು. ಬೆಳಿಗ್ಗೆ ಎಂಟೂವರೆಗೆ ನಿದ್ದೆಗಣ್ಣಿನ ಮಗುವಿಗೆ ಶೂ ಹಾಕಿ, ಟಿಫಿನ್ ಡಬ್ಬಿ ಕೈಗೆ ಕೊಟ್ಟು ಬಿಟ್ಟು ಬರುವುದು. ಸಂಜೆ ಏಳರ ಸುಮಾರಿಗೆ ಕರೆತಂದರೆ ಕೈಕಾಲು ತೊಳೆಸು, ಊಟ ಮಾಡಿಸು, ಒಂದು ಕಥೆ ಹೇಳು, ಮಲಗಿಸು. ಲೆಕ್ಕ ಹಾಕಿದರೆ ಮಗಳ ಜೊತೆ ಸಿಗುವುದು ದಿನಕ್ಕೆ ಮೂರು ಗಂಟೆ. ಎಂಜಿನಿಯರ್ ಅಲ್ವಾ, ಲೆಕ್ಕ ಹಾಕದೆ ಇರೋಕಾಗಲ್ಲ!

ಈ ದೀಪಾವಳಿಗೆ ದಾಸರಹಳ್ಳಿಗೆ ಹೋಗಿದ್ದಾಗ, ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಅಮ್ಮ ಒಂದು ಮಾತು ಎತ್ತಿದಳು. "ಮಗೂನ ಇಲ್ಲೇ ಬಿಡ್ರೋ. ಜೂನ್‌ಗೆ ಇಲ್ಲೇ ಸ್ಕೂಲಿಗೆ ಸೇರಿಸೋಣ. ಶನಿವಾರ ಬಂದು ಕರ್ಕೊಂಡು ಹೋಗಿ, ಭಾನುವಾರ ರಾತ್ರಿ ತಂದು ಬಿಡಿ. ಪರರ ಹತ್ರ ಯಾಕೆ ಬೆಳೀಬೇಕು ನಮ್ಮ ಕೂಸು?" ನನ್ನ ಹೆಂಡತಿ ಏನೂ ಹೇಳಲಿಲ್ಲ. ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಲ್ಲ.

ವೈಟ್‌ಫೀಲ್ಡ್ ಅಂದರೆ ಈಗ ನಮಗೆಲ್ಲ ನೆನಪಾಗುವುದು ಐಟಿಪಿಎಲ್ ಗೇಟು, ಹೋಪ್ ಫಾರ್ಮ್ ಸಿಗ್ನಲ್. ಆದರೆ ಆ ಊರು ಹುಟ್ಟಿದ್ದೇ ಸಂಸಾರಗಳು ನೆಲೆಯೂರಲಿ ಎಂದು. 1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೇ ಚಾಮರಾಜ ಒಡೆಯರ್ ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೂ ಬಂತು. ದುಂಡಗಿನ ರಸ್ತೆ, ಅದರ ಸುತ್ತ ಮನೆ, ಮನೆಗೊಂದು ತೋಟ. ಇನ್ನರ್ ಸರ್ಕಲ್ ಕಡೆ ಹೋದರೆ ಆ ದುಂಡು ಈಗಲೂ ಕಾಣುತ್ತದೆ. ದುಡಿಮೆಯೂ ಮನೆಯೂ ಒಂದೇ ಅಂಗಳದಲ್ಲಿ ಇರಲಿ ಎಂದು ಹೊರಟ ಊರಿಗೆ ಇವತ್ತು ಸಾವಿರಾರು ಅಪ್ಪ ಅಮ್ಮಂದಿರು ಮನೆ ಬಿಟ್ಟು ಮೈಲಿಗಟ್ಟಲೆ ಬರುತ್ತಾರೆ.

ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಮಂಗಳವಾರದಿಂದ ಗುರುವಾರದವರೆಗೆ ಮೂರು ದಿನ ಆಫೀಸಿಗೆ ಹೋಗಲೇಬೇಕು. ಕ್ಯಾಬು ದೊಮ್ಮಸಂದ್ರ, ವರ್ತೂರು ದಾಟಿ ಮುಟ್ಟುವುದಕ್ಕೆ ಒಂದೂವರೆ ಗಂಟೆ, ಮಳೆ ಬಂದರೆ ಇನ್ನೂ ಹೆಚ್ಚು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ಕೊಂಡಿಯೂ ಸೇರಿತು. ಆದರೆ ನಮ್ಮ ಮೂಲೆಯಿಂದ ಹೋಗುವವರು ಮೆಜೆಸ್ಟಿಕ್‌ವರೆಗೆ ಬಂದು ತಿರುಗಿ ಪೂರ್ವಕ್ಕೆ ಹೋಗಬೇಕು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ನೇರ ಹೋಗುವ ನೀಲಿ ಮಾರ್ಗದ ಕೆಲಸ ಇನ್ನೂ ನಡೆದಿದೆ. ಹಾಗಾಗಿ ಆ ಮೂರು ದಿನ ಮಗಳಿಗೆ ಕಥೆ ಹೇಳುವುದು ಕ್ಯಾಬಿನಿಂದ, ಫೋನಿನಲ್ಲಿ. ವರ್ತೂರು ಕೋಡಿ ಹತ್ತಿರ ಶುರುವಾದ ಮೊಲದ ಕಥೆ ದೊಮ್ಮಸಂದ್ರ ಬರುವಷ್ಟರಲ್ಲಿ ಮುಗಿದಿರುತ್ತದೆ, ಕೇಳುವವಳು ಮಲಗಿರುತ್ತಾಳೆ.

ಎಲೆಕ್ಟ್ರಾನಿಕ್ ಸಿಟಿಯ ಹುಟ್ಟಿನ ಕಥೆ ಬೇರೆ. ಕಿಯೋನಿಕ್ಸ್ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದ ಆರ್. ಕೆ. ಬಾಳಿಗಾ ಅವರ ಕನಸು ಅದು. 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಶುರುವಾಯಿತು. ಊರಾಚೆ ಕೈಗಾರಿಕೆ ಬೆಳೆಯಲಿ ಎಂಬುದು ಲೆಕ್ಕ. ಕೈಗಾರಿಕೆ ಬೆಳೆಯಿತು, ಹಿಂದೆಯೇ ಊರೂ ಬಂತು. ನಮ್ಮ ಬೀದಿಯಲ್ಲಿ ಪಿಜಿಗಳ ನಡುವೆ ಒಂದು ಹಳೇ ಹೆಂಚಿನ ಮನೆ ಉಳಿದಿದೆ. ಅಲ್ಲಿಯ ಅಜ್ಜಿ ಕಟ್ಟಿರುವ ಎರಡು ಹಸುಗಳಿಗೆ ಮಗಳು ದಿನಾ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಬೇಕು, ಇಲ್ಲದಿದ್ದರೆ ಡೇಕೇರ್ ಬಾಗಿಲು ದಾಟುವುದಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ನಾನು ನಗುವುದು ಆ ಐದು ನಿಮಿಷ ಮಾತ್ರ.

ಡೇಕೇರ್ ಬಗ್ಗೆ ನನಗೆ ದೂರಿಲ್ಲ. ನೋಡಿಕೊಳ್ಳುವ ಆಂಟಿಯರು ಒಳ್ಳೆಯವರು. ಕಾನೂನೂ ಒಂದಿದೆ: 2017ರ ತಿದ್ದುಪಡಿಯ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಹೆರಿಗೆ ರಜೆ 12ರಿಂದ 26 ವಾರಕ್ಕೆ ಏರಿದ್ದೂ ಆಗಲೇ. ಆದರೆ ಆಫೀಸಿನ ಕೂಸಿನ ಮನೆಗೆ ಮಗುವನ್ನು ಕರೆದೊಯ್ಯಬೇಕೆಂದರೆ ಅದೂ ನಮ್ಮಂತೆ ಒಂದೂವರೆ ಗಂಟೆ ಹೋಗಿ ಒಂದೂವರೆ ಗಂಟೆ ಬರಬೇಕು. ಇನ್ನು ಅಪ್ಪಂದಿರಿಗೆ ರಜೆ ಕೊಡಲೇಬೇಕು ಎಂಬ ಕಾನೂನು ಖಾಸಗಿ ಕಂಪನಿಗಳಿಗೆ ಇಲ್ಲವೇ ಇಲ್ಲ. ಕೂಸು ಅಂದರೆ ಅಮ್ಮನ ಜವಾಬ್ದಾರಿ ಎಂದು ಕಾನೂನಿಗೂ ಅನ್ನಿಸಿರಬೇಕು.

ಅಮ್ಮನಿಗೆ ಉತ್ತರ ಹೇಳುವ ಮೊದಲು ದಾರಿಯನ್ನು ಇನ್ನೊಮ್ಮೆ ನೋಡೋಣ ಅನ್ನಿಸಿತು. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮೆಟ್ರೋದಲ್ಲಿ ಹೊರಟೆ. ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟ್ 10ರಂದು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಆರಂಭದಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆದರೂ ಹೊಸೂರು ರಸ್ತೆಯಲ್ಲಿ ವರ್ಷಗಟ್ಟಲೆ ತೆವಳಿದ ನಮಗೆ ಅದು ಹಬ್ಬವೇ ಆಗಿತ್ತು. ಮೂರು ಅಡಿ ಎತ್ತರದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಮಗಳು ಅದನ್ನು ದಾಟಿದ್ದಾಳೆ. "ನಂಗೂ ಟಿಕೆಟ್ಟಾ?" ಎಂದು ಅವಳು ಉಬ್ಬಿ ಹೋದಳು. ಯಾವಾಗ ಇಷ್ಟು ಉದ್ದ ಆದಳು ಎಂದು ನಾನು ನೋಡುತ್ತಾ ನಿಂತೆ.

ಸಿಲ್ಕ್ ಬೋರ್ಡ್ ದಾಟಿದ ಮೇಲೆ ಜಯದೇವ, ರಾಗಿಗುಡ್ಡದ ಕಡೆ ಕಿಟಕಿ ಬಿಡಲೇ ಇಲ್ಲ. ಅಲ್ಲಿ ಕೆಳಗೊಂದು ರಸ್ತೆ, ಅದರ ಮೇಲೊಂದು ಫ್ಲೈಓವರ್, ಅದರ ಮೇಲೆ ರೈಲು. "ಅಪ್ಪಾ, ಕಾರ್ ಮೇಲೆ ಕಾರ್, ಕಾರ್ ಮೇಲೆ ನಾವು!" ಎಂದು ಅವಳು ಕೂಗಿದ್ದಕ್ಕೆ ಎದುರಿನ ಸೀಟಿನ ಹಿರಿಯರೂ ತಿರುಗಿ ಕಿಟಕಿಯಲ್ಲಿ ನೋಡಿದರು. ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹತ್ತಿದೆವು. ನ್ಯಾಷನಲ್ ಕಾಲೇಜ್ ಆದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಮುಗಿಯುವವರೆಗೂ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು, ಬೆಳಕು ಬಂದದ್ದೇ ಬಿಟ್ಟಳು. ಮನೆ ಬಾಗಿಲಿನಿಂದ ದಾಸರಹಳ್ಳಿಗೆ ಹೆಚ್ಚುಕಡಿಮೆ ಎರಡು ಗಂಟೆ ಹಿಡಿಯಿತು. ನೋಡಿ, ಇದು ದಾರಿಯಲ್ಲಿ ಒಟ್ಟಿಗೆ ಕಳೆದ ಎರಡು ಗಂಟೆ. ದಿನಾ ಸಿಗುವ ಮೂರರಲ್ಲಿ ಇಷ್ಟು ಮಾತು ನಾವು ಆಡಿರಲಿಲ್ಲ.

ಅಪ್ಪ ಪೀಣ್ಯ ಇಂಡಸ್ಟ್ರಿ ನಿಲ್ದಾಣಕ್ಕೇ ಬಂದು ಕಾದಿದ್ದರು. ಮೊಮ್ಮಗಳಿಗೆ ತಾವು ದುಡಿದ ಜಾಗ ತೋರಿಸುವ ಆಸೆ. ಕುಣಿಗಲ್ ಕಡೆಯಿಂದ 1989ರಲ್ಲಿ ಬಂದವರು, ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಲೇತ್ ಮುಂದೆ ನಿಂತೇ ವಯಸ್ಸು ಸವೆಸಿದರು. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಬಂದವು. ಅಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತಾ ಬೆಳೆದ ಸಾವಿರಾರು ಸಣ್ಣ ಘಟಕಗಳ ಊರು ಪೀಣ್ಯ. ಭಾನುವಾರವಾದ್ದರಿಂದ ಹೆಚ್ಚಿನ ಶಟರ್ ಎಳೆದಿದ್ದವು. ಅರ್ಧ ತೆರೆದ ಒಂದು ಶೆಡ್ಡಿನಿಂದ ಮಾತ್ರ ಮೆಷಿನ್ ಸದ್ದು, ಸುಟ್ಟ ಎಣ್ಣೆಯ ವಾಸನೆ. ಬಾಗಿಲ ಬಳಿ ಗುಡ್ಡೆ ಹಾಕಿದ್ದ ಸುರುಳಿ ಸುರುಳಿ ಕಬ್ಬಿಣದ ಸಿಪ್ಪೆ ಬಿಸಿಲಿಗೆ ಹೊಳೆಯುತ್ತಿತ್ತು.

"ತಾತಾ, ನೀನು ಇಲ್ಲಿ ಏನ್ ಮಾಡ್ತಿದ್ದೆ?"

"ಕಬ್ಬಿಣಾನ ದುಂಡಗೆ ಮಾಡ್ತಿದ್ದೆ ಕಣಮ್ಮ. ಚಪಾತಿ ಹಿಟ್ಟು ನಿಮ್ಮಜ್ಜಿ ದುಂಡಗೆ ಮಾಡಲ್ವಾ, ಹಂಗೆ."

"ಅಪ್ಪ?"

"ನಿಮ್ಮಪ್ಪನಾ? ಅದು ನಂಗೂ ಇನ್ನೂ ಗೊತ್ತಾಗಿಲ್ಲ" ಎಂದು ಅಪ್ಪ ನಕ್ಕರು. ಲ್ಯಾಪ್‌ಟಾಪಿನಲ್ಲಿ ನಾನು ಮಾಡುವುದನ್ನು ಚಪಾತಿಗೆ ಹೋಲಿಸಲು ನನಗೂ ಬರಲಿಲ್ಲ.

ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಅಮ್ಮ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್ ಇತ್ತು. ಈಗ ಅದು ಗೋದಾಮು. ನಾನು ಚಿಕ್ಕವನಿದ್ದಾಗ ಅಮ್ಮ ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಅಪ್ಪನದು ಒಂದು ವಾರ ಹಗಲು, ಒಂದು ವಾರ ರಾತ್ರಿ, ಅದರ ಮೇಲೆ ಓಟಿ. ನನ್ನನ್ನು ನೋಡಿಕೊಂಡದ್ದು ವಠಾರದ ಪಕ್ಕದ ಮನೆ ಅಜ್ಜಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆ ಇರಬೇಕು ಎಂದಿತ್ತು. ಅಮ್ಮನಿಗೆ ಆಗ ಅಂಥದ್ದೊಂದು ಇದೆ ಎಂದೇ ಯಾರೂ ಹೇಳಿರಲಿಲ್ಲ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಮರುದಿನ ಊರಿನ ಬೇರೆ ಕಡೆಗೂ ಹಬ್ಬಿತು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಪಿಎಫ್‌ಗೆ ಯಾಕಿಷ್ಟು ಗಲಾಟೆ ಎಂದು ಆಗ ಕೆಲವರು ಕೇಳಿದ್ದುಂಟು. ನಾನಾಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಅಮ್ಮ ತನ್ನ ಪಿಎಫ್ ದುಡ್ಡನ್ನು ನನ್ನ ಕಡೇ ವರ್ಷದ ಫೀಸಿಗೆಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದಳು. ಹೊಲಿಗೆ ಮೆಷಿನ್ ಮುಂದೆ ಕೂತ ಒಬ್ಬೊಬ್ಬ ಹೆಂಗಸಿನ ಪಿಎಫ್ ಖಾತೆಯ ಹಿಂದೆ ಹೀಗೆ ಒಂದು ಫೀಸೋ ಒಂದು ಮದುವೆಯೋ ಇತ್ತು.

ಆ ಗೋದಾಮಿನ ಮುಂದೆ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪ ಹೇಳಿದರು: "ನಿಮ್ಮಮ್ಮ ನಿನ್ನ ಮೊದಲ ಹೆಜ್ಜೆ ನೋಡಲಿಲ್ಲ ಕಣೋ. ಪಕ್ಕದ ಮನೆ ಅಜ್ಜಿ ಹೇಳಿದ್ದು. ಅವತ್ತು ರಾತ್ರಿ ಊಟ ಬಿಟ್ಟಿದ್ದಳು. ಅದಕ್ಕೇ ಈಗ ಇದನ್ನ ಕೇಳ್ತಾಳೆ."

ಅಮ್ಮ ಕೇಳುತ್ತಿರುವುದು ಏನು ಎಂಬುದು ನನಗೆ ಗೊತ್ತಾದದ್ದು ಆಗ. ನಮಗೆ ಸಹಾಯ ಮಾಡಲು ಅವಳು ಮಗುವನ್ನು ಕೇಳುತ್ತಿದ್ದಾಳೆ ಎಂದು ನಾವಂದುಕೊಂಡಿದ್ದೆವು. ಅದೂ ಹೌದು. ಆದರೆ ನನ್ನ ಬಾಲ್ಯದಲ್ಲಿ ಅವಳ ಕೈಗೆ ಸಿಗದೆ ಹೋದ ಗಂಟೆಗಳೂ ಅವಳಿಗೆ ಬೇಕಾಗಿವೆ. ನಾವು ಮಗುವನ್ನು ಬಿಟ್ಟುಕೊಡಲು ಹಿಂಜರಿಯುವುದೂ ಅದೇ ಗಂಟೆಗಳಿಗಾಗಿ. ಇಬ್ಬರಿಗೂ ಬೇಕಿರುವುದು ಒಂದೇ, ಮಗು ಇರುವುದೂ ಒಂದೇ. ಪೀಣ್ಯ ಅಮ್ಮನಿಂದ ತೆಗೆದುಕೊಂಡದ್ದನ್ನು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳು ನಮ್ಮಿಂದ ತೆಗೆದುಕೊಳ್ಳುತ್ತಿವೆ. ಸಂಬಳ ದೊಡ್ಡದು, ಕುರ್ಚಿ ಮೆತ್ತಗಿದೆ, ಅಷ್ಟೇ ವ್ಯತ್ಯಾಸ. ಹಾಗೆಂದು ಕೆಲಸ ಬಿಡಲಾದೀತೇ? ಅಮ್ಮನೂ ಬಿಟ್ಟಿರಲಿಲ್ಲ, ಅದರಿಂದಲೇ ನಾನು ಓದಿದ್ದು.

ರಾತ್ರಿ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಆಗಲೇ ಅಮ್ಮನಿಗೆ ಫೋನ್ ಮಾಡಿದಳು. "ಅತ್ತೆ, ಮಗೂನ ಕಳಿಸೋಕೆ ನನ್ ಕೈಲಾಗಲ್ಲ. ನೀವೇ ಬರ್ತೀರಾ? ನಾನು ಆಫೀಸಿಗೆ ಹೋಗೋ ಮೂರು ದಿನ." ಆ ಕಡೆಯಿಂದ ತುಂಬ ಹೊತ್ತು ಸದ್ದಿಲ್ಲ. ಆಮೇಲೆ, "ನಿಮ್ಮ ಮಾವನಿಗೆ ಊಟಕ್ಕೇನು ಮಾಡೋದು?" ಎಂಬ ಪ್ರಶ್ನೆ.

ಅದು ಸಣ್ಣ ಪ್ರಶ್ನೆಯಲ್ಲ. ಅಪ್ಪ ದಾಸರಹಳ್ಳಿ ಬಿಟ್ಟು ಬರುವವರಲ್ಲ. ಈಗಲೂ ಒಂದು ವರ್ಕ್‌ಶಾಪಿಗೆ ಅರ್ಧ ದಿನ ಹೋಗುತ್ತಾರೆ, ಅವರ ಗೆಳೆಯರೆಲ್ಲ ಅಲ್ಲೇ. ನಮ್ಮ ಮನೆ ತುಂಬಿಕೊಳ್ಳಲು ಅವರ ಮನೆ ಎರಡಾಗಬೇಕು. ಮೂವತ್ತೈದು ವರ್ಷ ಶಿಫ್ಟುಗಳ ನಡುವೆ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡದೆ ಕಳೆದ ಗಂಡ ಹೆಂಡತಿ ಈಗ ತಾನೇ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದರು. ನಾವು ಬೇಡ ಎಂದೆವು, ಅಮ್ಮ ಕೇಳಲಿಲ್ಲ. "ಅನ್ನ ಮಾಡ್ಕೊಳೋಕೆ ನಂಗೇನು ಬರಲ್ವಾ" ಎಂದು ಅಪ್ಪನೂ ಜೋರು ಮಾಡಿದರು.

ಈಗ ಸೋಮವಾರ ಸಂಜೆ ಅಮ್ಮ ಒಬ್ಬಳೇ ಎರಡು ಮೆಟ್ರೋ ಬದಲಿಸಿ ಬರುತ್ತಾಳೆ. ಮೊದಲ ಸಲ ಆರ್.ವಿ. ರಸ್ತೆಯಲ್ಲಿ ಯಾವ ಕಡೆ ಹೋಗಬೇಕೆಂದು ನಾನು ಫೋನಿನಲ್ಲಿ ಹೇಳಲು ಹೋದರೆ, "ಹಳದಿ ಗೆರೆ ಹಿಡ್ಕೊಂಡು ಹೋದ್ರೆ ಆಯ್ತು, ಮಗೂನೇ ಹೇಳಿಕೊಟ್ಟಿದೆ" ಎಂದಳು. ಆ ಮೂರು ದಿನ ಮಗಳು ಮಧ್ಯಾಹ್ನ ಮೂರಕ್ಕೇ ಡೇಕೇರ್‌ನಿಂದ ಮನೆಗೆ ಬರುತ್ತಾಳೆ. ಹಸುವಿನ ಅಜ್ಜಿಯೂ ನಮ್ಮಮ್ಮನೂ ಈಗ ಗೆಳತಿಯರು. ನನಗೆ ಸಿಗುವುದು ಈಗಲೂ ಮೂರೇ ಗಂಟೆ, ಅದೇನೂ ಹೆಚ್ಚಾಗಿಲ್ಲ. ಆದರೆ ನಾನು ಬರುವಷ್ಟರಲ್ಲಿ ಅವಳ ಊಟ ಆಗಿರುತ್ತದೆ, ಕಥೆಗೆ ಅವಸರ ಇರುವುದಿಲ್ಲ.

ಶಾಲೆಗೆ ಅರ್ಜಿಯನ್ನು ನಮ್ಮ ಕಡೆಯೇ ಹಾಕಿದ್ದೇವೆ. ಅಮ್ಮನ ಮಂಡಿ ನೋವು ಎಷ್ಟು ದಿನ ಈ ಓಡಾಟ ತಡೆಯುತ್ತದೋ, ಅಪ್ಪ ಒಬ್ಬರೇ ಎಷ್ಟು ದಿನ ಅನ್ನ ಸಾರು ಮಾಡಿಕೊಳ್ಳುತ್ತಾರೋ ಎಂಬ ಚಿಂತೆ ಇದ್ದೇ ಇದೆ. ಶುಕ್ರವಾರ ಬೆಳಿಗ್ಗೆ ಅಮ್ಮ ಹೊರಡಬಹುದು. ಆದರೆ ಗುರುವಾರ ಸಂಜೆಯೇ ಅಪ್ಪ ಬೇಕರಿಯಿಂದ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಕರೆದೊಯ್ಯಲು ಬಂದುಬಿಡುತ್ತಾರೆ. ಹೆಂಡತಿಯ ಕ್ಯಾಬು ಬರುವವರೆಗೂ ಕಾಯುತ್ತಾರೆ. ಐದೂ ಜನ ಕೂತು ಉಂಡ ಮೇಲೇ ಇಬ್ಬರೂ ಮೆಟ್ರೋ ಹತ್ತುವುದು.