ಚುಕ್ಕಾಣಿಯ ಅಗುಳಿ

ಮಲೆನಾಡಿನ ಒಂದು ಮನೆಯಲ್ಲಿ ಆಷಾಢದ ಒಂದು ರಾತ್ರಿ ವೃದ್ಧ ತಾಯಿಗೆ ಎದೆನೋವು ಕಾಣಿಸಿಕೊಂಡಿತು. ಮಗನು ಆಕೆಯನ್ನು ಕಾರಿನಲ್ಲಿ ಕುಳ್ಳಿರಿಸಿ ಗುಂಡಿಯನ್ನೊತ್ತಿದನು. ಎಂಜಿನು ಚಾಲೂ ಆಗಲಿಲ್ಲ, ಚುಕ್ಕಾಣಿಯೂ ಕದಲಲಿಲ್ಲ. ಅವನು ಗಾಬರಿಯಿಂದ ಅದನ್ನು ಎರಡು ಕೈಗಳಿಂದಲೂ ಎಳೆಯತೊಡಗಿದನು. ಎಳೆದಷ್ಟೂ ಅದು ಬಿಗಿಯಾಯಿತು.

ಈ ಬೀಗವು ಕಳ್ಳರ ಭಯದಿಂದ ಹುಟ್ಟಿದುದು. ಪಶ್ಚಿಮ ಜರ್ಮನಿಯಲ್ಲಿ 1961ರಲ್ಲಿಯೇ ಹೊಸ ಕಾರುಗಳಿಗೆ ಇದನ್ನು ಕಡ್ಡಾಯಮಾಡಿದ್ದರು. ಎಂಜಿನನ್ನು ನಿಲ್ಲಿಸಿದ ಬಳಿಕ ಉಕ್ಕಿನ ಅಗುಳಿಯೊಂದು ಚುಕ್ಕಾಣಿಯ ದಂಡದಲ್ಲಿರುವ ಕಚ್ಚಿನೊಳಗೆ ಸೇರಿಕೊಳ್ಳುವುದು. ಗುಂಡಿಯೊತ್ತಿ ನಡೆಸುವ ಅನೇಕ ಕಾರುಗಳಲ್ಲಿ ಅದನ್ನು ಹಿಂದಕ್ಕೆ ಸೆಳೆಯತಕ್ಕುದು ಒಂದು ಪುಟ್ಟ ವಿದ್ಯುತ್ ಮೋಟಾರು. ಮುಂದಿನ ಗಾಲಿಗಳು ಓರೆಯಾಗಿ, ಕಲ್ಲಿಗೋ ದಿಬ್ಬಕ್ಕೋ ಒತ್ತಿಕೊಂಡು ನಿಂತಿದ್ದರೆ ಆ ಒತ್ತಡವೆಲ್ಲ ಅಗುಳಿಯ ಮೇಲೆ ಬೀಳುವುದು. ಆಗ ಮೋಟಾರು ಸೋಲುವುದು. ಅಗುಳಿಯು ಸರಿಯದೆ ಎಂಜಿನು ಚಾಲೂ ಆಗದು.

ಹಿಂದೆ ಕುಳಿತಿದ್ದ ತಂದೆಯು ಮೆಲ್ಲಗೆ, “ಹಿತ್ತಿಲ ಬಾಗಿಲಿನ ಅಗುಳಿ ಸಿಕ್ಕಿಕೊಂಡಾಗ ನಿನ್ನ ತಾಯಿ ಏನು ಮಾಡುತ್ತಾಳೆ?” ಎಂದು ಕೇಳಿದರು.

ಆಕೆ ಅಗುಳಿಯೊಡನೆ ಜಗ್ಗಾಡುತ್ತಿರಲಿಲ್ಲ. ಕದವನ್ನು ತುಸು ಒತ್ತಿ ಹಿಡಿದು ಅದನ್ನು ಸರಿಸುತ್ತಿದ್ದಳು. ಮಗನಿಗೆ ಅರ್ಥವಾಯಿತು. ಬಲಗಾಲಿನಿಂದ ಬ್ರೇಕನ್ನು ಅದುಮಿ, ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಹಗುರವಾಗಿ ಅಲುಗಿಸಿದನು. ಅದು ಸಡಿಲಗೊಂಡ ಕಡೆಗೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಗುಂಡಿಯನ್ನೊತ್ತಿದನು. ಒಳಗೆ ಟಕ್ಕೆಂದು ಸದ್ದಾಯಿತು, ಎಂಜಿನು ಗುಡುಗಿತು.

ಅವರು ಆಸ್ಪತ್ರೆಯನ್ನು ಸೇರಿದಾಗ ಹೊತ್ತು ಮೀರಿರಲಿಲ್ಲ. ಅಂದಿನಿಂದ ಮಗನು ಗಾಲಿಗಳನ್ನು ನೆಟ್ಟಗೆ ಮಾಡಿಯೇ ಕಾರಿನಿಂದ ಇಳಿಯುವನು.